ಕಾರ್ಡಿನಲ್ಲಿ ಕೆಲಸ ಇರಲಿ, ರೋಗಿಯ ಹೆಸರು ಬೇಡ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕ್ಲಿನಿಕ್ಕು, ಲ್ಯಾಬು, ಮನೆ ಶುಶ್ರೂಷೆ, ಮೆಡಿಕಲ್ ಬಿಲ್ಲಿಂಗ್ ಹೀಗೆ ಎಲ್ಲ ಕಡೆ ದಿನದ ಕೆಲಸ ಹಂಚುವುದು ಈಗ ಫೋನಿನಲ್ಲಿರುವ ಟಾಸ್ಕ್ ಆಪ್ ಮೂಲಕ. ಅದರಲ್ಲಿ ರೋಗಿಯ ವಿಷಯ ಎಷ್ಟು ಬರೆಯಬಹುದು ಎಂದು ಕೇಳಿ ಮುಂಬಯಿ, ಪುಣೆ, ಗೋವಾ ಕಡೆಯಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಇಬ್ಬರು ಡಾಕ್ಟರರ ಕ್ಲಿನಿಕ್ಕು, ಆರು ಮಂದಿ ಸಿಬ್ಬಂದಿ. ಉಚಿತ ಟಾಸ್ಕ್ ಆಪ್ ಒಂದರಲ್ಲಿ ಬೋರ್ಡ್, ಅಂದರೆ ಸಿಬ್ಬಂದಿಗೆಲ್ಲ ಕಾಣುವ ಕೆಲಸದ ಹಲಗೆ, ಮಾಡಿಕೊಂಡು ‘ಠಾಕುರ್ಲಿ ಶೆಟ್ಟಿಯವರ ಬಯಾಪ್ಸಿ ರಿಪೋರ್ಟ್ ತರಿಸುವುದು’ ಎಂಬಂತೆ ಒಂದೊಂದು ಕೆಲಸಕ್ಕೂ ಒಂದು ಕಾರ್ಡ್ ಹಾಕುತ್ತೇವೆ. ಹೀಗೆ ಮಾಡಬಾರದು ಎನ್ನುತ್ತಾನೆ ಮಗ. ಇಷ್ಟು ಸಣ್ಣ ಕ್ಲಿನಿಕ್ಕಿಗೂ ಕಾನೂನು ತಗಲುತ್ತದೆಯೇ?

ಉತ್ತರ: ಮಗ ಹೇಳುವುದು ಸರಿ. ಕ್ಲಿನಿಕ್ಕು ಸಣ್ಣದೆಂದು ಯಾವ ಕಾನೂನೂ ಬಿಡುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನೂ ದೇಹ, ಮನಸ್ಸುಗಳ ಆರೋಗ್ಯ ಸ್ಥಿತಿಯನ್ನೂ ಸೂಕ್ಷ್ಮ ಮಾಹಿತಿ ಎಂದೇ ಕರೆದಿವೆ. ಒಬ್ಬರೇ ಮಾಲೀಕರಾಗಿ ನಡೆಸುವ ವೃತ್ತಿ ಸಂಸ್ಥೆಯೂ ಅವುಗಳ ವ್ಯಾಪ್ತಿಯಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅಂದರೆ ಡಿಪಿಡಿಪಿಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅದರ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ 2011ರ ನಿಯಮಗಳೇ ನಡೆಯುತ್ತವೆ. ಹೊಸ ಕಾಯ್ದೆಯಲ್ಲಿ ಭದ್ರತೆ ನೋಡಿಕೊಳ್ಳದ ತಪ್ಪಿಗೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಅದು ಮೇಲಿನ ಮಿತಿ. ತಪ್ಪಿನ ಗಾತ್ರ ನೋಡಿ ಮೊತ್ತ ನಿಗದಿಯಾಗುತ್ತದೆ. ಇದಲ್ಲದೆ ಡಾಕ್ಟರರ ಮೇಲೆ 2002ರ ವೃತ್ತಿ ನಡವಳಿಕೆ ನಿಯಮಾವಳಿ ಇದ್ದೇ ಇದೆ. ರೋಗಿಯ ಗುಟ್ಟು ಹೊರಬಿದ್ದರೆ ವೈದ್ಯಕೀಯ ಪರಿಷತ್ತಿನ ಮುಂದೆ ನಿಲ್ಲಬೇಕಾದವರು ಅವರು, ಆಪ್ ಕಂಪನಿಯವರಲ್ಲ.

ನಿಮ್ಮ ಕಾರ್ಡನ್ನೇ ನೋಡೋಣ. ಊರು ಠಾಕುರ್ಲಿ, ಹೆಸರು ಶೆಟ್ಟಿ, ಪರೀಕ್ಷೆ ಬಯಾಪ್ಸಿ: ಈ ಮೂರು ಪದ ಸಾಕು. ಡೊಂಬಿವಲಿಯ ಕನ್ನಡದವರಿಗೆ ಒಬ್ಬರಿಗೊಬ್ಬರ ಪರಿಚಯವಿದೆ. ಕೌಂಟರಿನಲ್ಲಿ ಕೂತಿರುವ ಹುಡುಗಿಯ ಅತ್ತೆಯೂ ಆ ಶೆಟ್ಟಿಯವರೂ ಒಂದೇ ಸಂಘದ ಸದಸ್ಯರಾಗಿರಬಹುದು. ರಿಪೋರ್ಟ್ ರೋಗಿಯ ಕೈ ಸೇರುವ ಮೊದಲೇ ಸುದ್ದಿ ಅವರ ಮನೆ ಬಾಗಿಲಿಗೆ ಹೋಗಿರುತ್ತದೆ.

ಕಾರ್ಡಿನ ತಲೆಬರಹ ಬೋರ್ಡಿನಲ್ಲಷ್ಟೇ ಇರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಕಾರ್ಡನ್ನು ಯಾರಿಗಾದರೂ ವಹಿಸಿದ ಕೂಡಲೇ ಅದು ಅವರ ಫೋನಿನ ಲಾಕ್ ಸ್ಕ್ರೀನಿನ ಮೇಲೆ ಬೀಳುತ್ತದೆ. ಈಮೇಲ್ ಆಗಿ ಹೋಗುವಾಗ ವಿಷಯದ ಸಾಲಿನಲ್ಲಿ ಕೂರುತ್ತದೆ. ಕ್ಯಾಲೆಂಡರ್ ಜೋಡಿಸಿದ್ದರೆ ಮನೆಯವರೆಲ್ಲ ನೋಡುವ ಕ್ಯಾಲೆಂಡರಿನಲ್ಲೂ ಕಾಣುತ್ತದೆ. ಹುಡುಕುವ ಪೆಟ್ಟಿಗೆ, ಎಕ್ಸ್‌ಪೋರ್ಟ್ ಮಾಡಿದ ಎಕ್ಸೆಲ್ ಫೈಲು, ಚಟುವಟಿಕೆ ಪಟ್ಟಿ, ಎಲ್ಲದರಲ್ಲೂ ಇರುತ್ತದೆ. ನೀವು ಕಾರ್ಡ್ ಅಳಿಸಿದರೂ ಸಿಬ್ಬಂದಿಯ ಸ್ವಂತ ಜೀಮೇಲ್‌ನಲ್ಲಿ ಬಂದು ಕೂತ ಪ್ರತಿ ಅಳಿಯುವುದಿಲ್ಲ. ಆದ್ದರಿಂದ ಮೊದಲ ಕಾವಲು ತಲೆಬರಹಕ್ಕೆ.

ಅದೇ ಕಾರ್ಡ್ ಹೀಗಿರಲಿ: ‘0412, ಹೊರಗಿನ ಲ್ಯಾಬಿನಿಂದ ರಿಪೋರ್ಟ್ ತರಿಸಿ ಡಾಕ್ಟರರ ಮೇಜಿಗೆ, ಸಂಜೆ 5ರ ಒಳಗೆ.’ ಕೆಲಸಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ. ಯಾವ ರಿಪೋರ್ಟು, ಯಾರದು ಎಂಬುದು 0412ರ ಕೇಸ್ ಪೇಪರಿನಲ್ಲಿದೆ. ಆ ಸಂಖ್ಯೆ ಮಾಡುವಾಗ ಒಂದು ಎಚ್ಚರ ಬೇಕು: ಹೆಸರಿನ ಮೊದಲಕ್ಷರ, ಹುಟ್ಟಿದ ದಿನ, ಮೊಬೈಲಿನ ಕೊನೆಯ ನಾಲ್ಕಂಕೆ ಯಾವುದನ್ನೂ ಅದರೊಳಗೆ ಸೇರಿಸಬೇಡಿ. ‘ಎಸ್‌ಕೆಎಸ್-1962’ ಎಂದು ಬರೆದರೆ ಗುರುತಿಸುವವರು ಗುರುತಿಸಿಯೇ ಬಿಡುತ್ತಾರೆ. ಸುಮ್ಮನೆ ಸಾಲು ಸಂಖ್ಯೆ ಕೊಡಿ. ಸಂಖ್ಯೆ ಯಾರದೆಂಬ ಪಟ್ಟಿ ಕ್ಲಿನಿಕ್ ಸಾಫ್ಟ್‌ವೇರಿನಲ್ಲಿರಲಿ, ಇಲ್ಲವೇ ಬೀಗ ಹಾಕುವ ಡ್ರಾಯರಿನ ರಿಜಿಸ್ಟರಿನಲ್ಲಿರಲಿ. ಆ ಪಟ್ಟಿಯ ಫೋಟೋ ತೆಗೆದು ಬೋರ್ಡಿಗೆ ಅಂಟಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಡಿಪಿಡಿಪಿ ನಿಯಮಗಳು ಹೇಳುವ ಭದ್ರತಾ ಕ್ರಮಗಳಲ್ಲಿ ಗುರುತಿನ ಬದಲು ಟೋಕನ್ ಬಳಸುವುದೂ ಒಂದು.

ಕಾರ್ಡಿನ ಕೆಳಗಿನ ಕಾಮೆಂಟಿನಲ್ಲಿ ‘ಸಕ್ಕರೆ 340, ಇನ್ಸುಲಿನ್ ಹೆಚ್ಚಿಸಲು ಸರ್ ಹೇಳಿದ್ದಾರೆ’ ಎಂದು ಬರೆಯುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಖಾಸಗಿತನ ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ದೊಡ್ಡದು: ಚಿಕಿತ್ಸೆಯ ವಿಷಯ ಕಾರ್ಡಿನಲ್ಲಿ ಉಳಿದು ಕೇಸ್ ಪೇಪರಿಗೆ ಬರದೇ ಹೋಗುತ್ತದೆ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಆಗ ಅರ್ಧ ದಾಖಲೆ ಆಪ್‌ನಲ್ಲಿ, ಅರ್ಧ ಕಾಗದದಲ್ಲಿ ಆಗಿರುತ್ತದೆ.

ಸೆಟ್ಟಿಂಗ್ಸ್ ವಿಷಯಕ್ಕೆ ಬಂದರೆ, ಬೋರ್ಡ್ ‘ಪಬ್ಲಿಕ್’ ಆಗಿದೆಯೇ ನೋಡಿ. ಆಗಿದ್ದರೆ ಲಿಂಕ್ ಇದ್ದವರು ಯಾರೂ ತೆರೆಯಬಹುದು, ಗೂಗಲ್ ಹುಡುಕಾಟದಲ್ಲೂ ಸಿಗಬಹುದು. ‘ಪ್ರೈವೇಟ್’ ಮಾಡಿ. ಆರು ಮಂದಿಗೆ ಆರು ಲಾಗಿನ್ ಇರಲಿ, ರಿಸೆಪ್ಶನ್ನಿನ ಒಂದೇ ಪಾಸ್‌ವರ್ಡ್ ಎಲ್ಲರ ಬಾಯಲ್ಲಿ ಬೇಡ. ಯಾರು ಏನು ನೋಡಿದರು ಎಂಬ ಲೆಕ್ಕವೇ ಆಮೇಲೆ ಸಿಗುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಈಮೇಲ್ ನೋಟಿಫಿಕೇಶನ್ ಆಫ್ ಮಾಡಿ. ಆಂಡ್ರಾಯ್ಡ್ ಫೋನಿನಲ್ಲಿ ನೋಟಿಫಿಕೇಶನ್ ಸೆಟ್ಟಿಂಗ್ಸ್‌ಗೆ ಹೋಗಿ ಲಾಕ್ ಸ್ಕ್ರೀನಿನಲ್ಲಿ ಸೂಕ್ಷ್ಮ ವಿಷಯ ಮರೆಮಾಡುವ ಆಯ್ಕೆ ಒತ್ತಿ. ಐಫೋನಿನಲ್ಲಿ ‘ಶೋ ಪ್ರಿವ್ಯೂಸ್’ ಎಂಬಲ್ಲಿ ‘ವೆನ್ ಅನ್‌ಲಾಕ್ಡ್’ ಆರಿಸಿ. ಆಪ್‌ನಲ್ಲಿ ಕಾರ್ಡುಗಳನ್ನು ಓದಿ ಸಾರಾಂಶ ಕೊಡುವ ಎಐ ಸೌಲಭ್ಯ ಇದ್ದರೆ, ಅದು ಎಲ್ಲಿಗೆ ಏನು ಕಳಿಸುತ್ತದೆ ಎಂದು ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಅದನ್ನೂ ಮುಚ್ಚಿ.

ಹಳೆಯ ಕಾರ್ಡುಗಳ ಹೆಸರು ತಿದ್ದಿದರೆ ಸಾಲದು. ‘ಇಂಥ ಹೆಸರಿದ್ದದ್ದನ್ನು 0412 ಎಂದು ಬದಲಾಯಿಸಿದರು’ ಎಂದು ಚಟುವಟಿಕೆ ಪಟ್ಟಿಯಲ್ಲೇ ಬರೆದಿರುತ್ತದೆ. ಬೇಕಾದ ವಿಷಯವನ್ನು ಕೇಸ್ ಪೇಪರಿಗೆ ಇಳಿಸಿಕೊಂಡು ಹಳೆಯ ಬೋರ್ಡನ್ನು ಪೂರ್ತಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಹೊಸ ಬೋರ್ಡ್ ಶುರುಮಾಡಿ. ಒಂದು ಭಾನುವಾರದ ಕೆಲಸ.

ಪ್ರಶ್ನೆ: ಪುಣೆಯ ಖರಾಡಿಯಲ್ಲಿ ಅಮೆರಿಕದ ಕ್ಲಿನಿಕ್ಕುಗಳ ಬಿಲ್ಲಿಂಗ್ ಮಾಡುವ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಡಿನಯಲ್ ಆದ, ಅಂದರೆ ವಿಮೆಯವರು ತಿರಸ್ಕರಿಸಿದ ಕ್ಲೇಮುಗಳನ್ನು ಟಾಸ್ಕ್ ಸಾಫ್ಟ್‌ವೇರಿನಲ್ಲಿ ಹಂಚುತ್ತೇವೆ. ಅದರ ವೆಬ್‌ಸೈಟಿನಲ್ಲಿ ‘ಹಿಪಾ ಕಂಪ್ಲಯಂಟ್’, ಅಂದರೆ ರೋಗಿಯ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ಕಾಯ್ದೆಗೆ ಬದ್ಧ, ಎಂಬ ಮುದ್ರೆ ಇದೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಅಮೆರಿಕದ ಆರೋಗ್ಯ ಇಲಾಖೆ ಯಾವ ಸಾಫ್ಟ್‌ವೇರಿಗೂ ಹಿಪಾ ಪ್ರಮಾಣಪತ್ರ ಕೊಡುವುದಿಲ್ಲ, ಬೇರೆಯವರು ಕೊಟ್ಟ ಮುದ್ರೆಗೆ ಮಾನ್ಯತೆಯನ್ನೂ ಕೊಟ್ಟಿಲ್ಲ. 1996ರ ಆ ಕಾಯ್ದೆ ಕೇಳುವುದು ಸಹಿಯಾದ ಒಪ್ಪಂದ: ಬಿಸಿನೆಸ್ ಅಸೋಸಿಯೇಟ್ ಅಗ್ರಿಮೆಂಟ್, ನಿಮ್ಮವರ ಬಾಯಲ್ಲಿ ಬಿಎಎ. ಅಲ್ಲಿನ ಕ್ಲಿನಿಕ್ಕಿಗೆ ನಿಮ್ಮ ಕಂಪನಿ ಬಿಸಿನೆಸ್ ಅಸೋಸಿಯೇಟ್, ಅಂದರೆ ಅವರ ಪರವಾಗಿ ರೋಗಿಯ ಮಾಹಿತಿ ನಿರ್ವಹಿಸುವವರು. ನೀವು ರೋಗಿಯ ಮಾಹಿತಿ ಇಡುವ ಸಾಫ್ಟ್‌ವೇರ್ ಕಂಪನಿ ನಿಮಗೆ ಉಪಗುತ್ತಿಗೆದಾರ. ಆದ್ದರಿಂದ ಅವರೊಂದಿಗೆ ಬಿಎಎ ನಿಮ್ಮ ಕಂಪನಿಯ ಹೆಸರಿನಲ್ಲೇ ಆಗಬೇಕು. ಕ್ಲೈಂಟ್ ಅದೇ ಸಾಫ್ಟ್‌ವೇರ್ ಬಳಸುತ್ತಾನೆ, ಅವನ ಬಿಎಎ ಇದೆ ಎಂಬುದು ನಿಮ್ಮ ಅಕೌಂಟಿಗೆ ನೆರಳಾಗುವುದಿಲ್ಲ. ‘ಎಲ್ಲ ಎನ್‌ಕ್ರಿಪ್ಟ್ ಆಗಿದೆ, ನಾವು ಓದಲಾರೆವು’ ಎಂದು ಸಾಫ್ಟ್‌ವೇರಿನವರು ಹೇಳಿದರೂ ಒಪ್ಪಂದ ತಪ್ಪುವುದಿಲ್ಲ; ಕೀಲಿ ಕೈಯಲ್ಲಿಲ್ಲದ ಕ್ಲೌಡ್ ಕಂಪನಿಯೂ ಬಿಸಿನೆಸ್ ಅಸೋಸಿಯೇಟೇ ಎಂದು 2016ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಎಡವುವುದು ಪ್ಲಾನ್ ವಿಷಯದಲ್ಲಿ. ಇಂಥ ಹೆಚ್ಚಿನ ಸಾಫ್ಟ್‌ವೇರುಗಳು ಬಿಎಎ ಕೊಡುವುದು ಮೇಲಿನ ಎಂಟರ್‌ಪ್ರೈಸ್ ಮಟ್ಟದ ಪ್ಲಾನಿಗಷ್ಟೇ. ಉಚಿತ ಮತ್ತು ಅಗ್ಗದ ಪ್ಲಾನಿಗೆ ಇಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಾದರೆ ಅಡ್ಮಿನ್ ತಾನೇ ಕನ್ಸೋಲಿನೊಳಗೆ ಹೋಗಿ ಬಿಎಎ ಒಪ್ಪಿಕೊಳ್ಳಬೇಕು. ಒಪ್ಪದೆ ಬಿಟ್ಟರೆ ದುಡ್ಡು ಕಟ್ಟಿದ್ದರೂ ಒಪ್ಪಂದ ಇಲ್ಲ. ಸ್ವಂತ ಜೀಮೇಲಿಗೆ ಅದು ಸಿಗುವುದೇ ಇಲ್ಲ. ಒಪ್ಪಂದವಾದ ಮೇಲೂ ಯಾವ ಸೌಲಭ್ಯ ಅದರೊಳಗಿದೆ, ಯಾವುದು ಹೊರಗಿದೆ ಎಂಬ ಪಟ್ಟಿ ಓದಿ. ಬೇರೆ ಆಪ್‌ಗಳಿಗೆ ಮಾಹಿತಿ ಹರಿಸುವ ಜೋಡಣೆಗಳು ಸಾಮಾನ್ಯವಾಗಿ ಹೊರಗೇ ಇರುತ್ತವೆ.

ಇನ್ನು ಕಾರ್ಡು. ಮಾಹಿತಿ ಯಾರದೆಂದು ತಿಳಿಯದಂತೆ ಮಾಡಲು ಹಿಪಾ ಹೇಳುವ ಸೇಫ್ ಹಾರ್ಬರ್ ವಿಧಾನದಲ್ಲಿ 18 ಬಗೆಯ ಗುರುತುಗಳನ್ನು ತೆಗೆಯಬೇಕು. ಹೆಸರು, ಫೋನು ಎಲ್ಲರಿಗೂ ಗೊತ್ತು. ಬಿಲ್ಲಿಂಗಿನವರು ಮರೆಯುವುದು ತಾರೀಖನ್ನು. ಇಸವಿ ಬಿಟ್ಟು ರೋಗಿಗೆ ಸಂಬಂಧಿಸಿದ ಯಾವ ತಾರೀಖೂ ಗುರುತೇ, ಚಿಕಿತ್ಸೆ ಕೊಟ್ಟ ದಿನ ಅಂದರೆ ಡೇಟ್ ಆಫ್ ಸರ್ವಿಸ್ ಕೂಡ. ವಿಮೆಯ ಮೆಂಬರ್ ಐಡಿ, ಅಕೌಂಟ್ ನಂಬರ್, ಆಸ್ಪತ್ರೆಯ ದಾಖಲೆ ಸಂಖ್ಯೆ (ಎಂಆರ್‌ಎನ್), 89 ದಾಟಿದವರ ವಯಸ್ಸು ಇವೂ ಗುರುತುಗಳೇ. ರೋಗಿಯ ಇನಿಷಿಯಲ್ಸ್ ಆಗುತ್ತದೆಯೇ ಎಂದರೆ ಅದೂ ಆಗದು. ಗುರುತಿನ ತುಂಡೂ ಗುರುತೇ ಎಂಬುದು ಅಲ್ಲಿನ ಇಲಾಖೆಯ ನಿಲುವು.

ಹಾಗಾದರೆ ಉಳಿಯುವುದೇನು? ಸಾಕಷ್ಟು ಉಳಿಯುತ್ತದೆ. ‘ಸಾಲು 20871, ಸಿಒ-16, ಬಿಟ್ಟುಹೋದ ಮಾಹಿತಿ ತುಂಬಿ ಮರುಸಲ್ಲಿಕೆ, 31-60 ದಿನದ ಗುಂಪು.’ ಡಿನಯಲ್ ಕೋಡು (ಇಲ್ಲಿ ಸಿಒ-16), ಮಾಡಬೇಕಾದ ಕೆಲಸ, ಕ್ಲೇಮು ಎಷ್ಟು ದಿನದಿಂದ ಬಾಕಿ ಎಂಬ ಏಜಿಂಗ್ ಗುಂಪು ಇಷ್ಟಿದ್ದರೆ ಕೆಲಸ ಹಂಚಲು ಆಗುತ್ತದೆ. ಉಳಿದದ್ದನ್ನು ನಿಮ್ಮ ಹುಡುಗರು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೇ ತೆರೆದು ನೋಡಲಿ. ಕಾರ್ಡಿನ ಡ್ಯೂ ಡೇಟ್ ಹಾಕುವಾಗ ಟೈಮ್ಲಿ ಫೈಲಿಂಗಿನ, ಅಂದರೆ ಕ್ಲೇಮು ಸಲ್ಲಿಸುವ ಗಡುವಿನ ಕೊನೆಯ ದಿನವನ್ನೇ ಹಾಕಬೇಡಿ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್‌ಗೆ ಅದು ಸೇವೆಯ ದಿನದಿಂದ ಒಂದು ವರ್ಷ. ಹಿಂದಕ್ಕೆ ಎಣಿಸಿದರೆ ಡೇಟ್ ಆಫ್ ಸರ್ವಿಸ್ ಬಂದುಬಿಡುತ್ತದೆ. ವಾರ ಹತ್ತು ದಿನ ಮುಂಚಿನ, ನಿಮ್ಮದೇ ಲೆಕ್ಕದ ದಿನ ಹಾಕಿ. ಕೆಲಸವೂ ಬೇಗ ಮುಗಿಯುತ್ತದೆ.

ಸಂಖ್ಯೆ ಮಾತ್ರ ಬಳಸುತ್ತೇವೆ, ಇನ್ನು ಬಿಎಎ ಯಾಕೆ ಎಂದು ಮ್ಯಾನೇಜರ್ ಕೇಳಬಹುದು. ಯಾಕೆಂದರೆ ಇಪ್ಪತ್ತು ಜನರ ಟೀಮಿನಲ್ಲಿ ಒಬ್ಬ ಒಂದು ದಿನ ಇಒಬಿಯ, ಅಂದರೆ ವಿಮೆಯವರು ಕಳಿಸುವ ಪಾವತಿ ವಿವರದ ಸ್ಕ್ರೀನ್‌ಶಾಟ್ ಅಂಟಿಸಿಯೇ ಅಂಟಿಸುತ್ತಾನೆ. ಆ ದಿನ ಒಪ್ಪಂದ ಇರಬೇಕು. ಜೊತೆಗೆ, ಗುರುತು ತೆಗೆದು ಮಾಹಿತಿ ಬಳಸಲು ಕ್ಲೈಂಟ್ ಜೊತೆಗಿನ ನಿಮ್ಮ ಬಿಎಎಯಲ್ಲಿ ಅನುಮತಿ ಇದೆಯೇ ನೋಡಿ. ಕ್ಲೈಂಟಿನ ಒಪ್ಪಂದದಲ್ಲಿ ಮಾಹಿತಿ ಅಮೆರಿಕದ ಹೊರಗೆ ಹೋಗಕೂಡದು ಎಂಬ ಷರತ್ತು ಇದೆಯೇ ಎಂಬುದನ್ನೂ ನೋಡಿ. ಹಿಪಾ ಅದನ್ನು ತಡೆಯದಿದ್ದರೂ ಒಪ್ಪಂದ ತಡೆಯಬಹುದು.

ಭಾರತದ ಡಿಪಿಡಿಪಿ ನಿಮಗೆ ಎಷ್ಟು ತಗಲುತ್ತದೆ? ವಿದೇಶಿ ಕಂಪನಿಯ ಒಪ್ಪಂದದ ಮೇಲೆ, ಭಾರತದಲ್ಲಿಲ್ಲದವರ ಮಾಹಿತಿ ನಿರ್ವಹಿಸುವವರಿಗೆ 17ನೇ ಕಲಂ ಬಹುಪಾಲು ವಿನಾಯಿತಿ ಕೊಟ್ಟಿದೆ. ಆದರೆ ಭದ್ರತೆಯ ಹೊಣೆಯಿಂದ ವಿನಾಯಿತಿ ಇಲ್ಲ.

ಪ್ರಶ್ನೆ: ವಾಸ್ಕೋದಲ್ಲಿ ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ನರ್ಸುಗಳ ಸಣ್ಣ ತಂಡ ನಡೆಸುತ್ತಿದ್ದೇನೆ. ಗಾಯದ ಫೋಟೋ, ಮನೆ ವಿಳಾಸ ಎಲ್ಲ ಟಾಸ್ಕ್ ಆಪ್‌ನಲ್ಲೂ ವಾಟ್ಸಾಪ್ ಗುಂಪಿನಲ್ಲೂ ಹೋಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಮೊದಲು ವಿಳಾಸ. ‘ಒಬ್ಬರೇ ಇರುತ್ತಾರೆ, ಕೀಲಿ ಹೂಕುಂಡದ ಕೆಳಗೆ’ ಎಂಬ ಸಾಲು ಹತ್ತು ಫೋನಿನಲ್ಲಿ ಇರುವುದು ಖಾಸಗಿತನಕ್ಕಿಂತ ಮೊದಲು ಆ ವೃದ್ಧರ ಜೀವದ ಪ್ರಶ್ನೆ. ಬೋರ್ಡಿನಲ್ಲಿ ‘0098, ಡ್ರೆಸ್ಸಿಂಗ್, ಬೆಳಿಗ್ಗೆ 10’ ಎಂದಷ್ಟೇ ಇರಲಿ. ವಿಳಾಸ ಆ ದಿನ, ಆ ಮನೆಗೆ ಹೋಗುವ ನರ್ಸಿಗೆ ಮಾತ್ರ ಹೋಗಲಿ. ಕೀಲಿಯ ವಿಷಯ ಫೋನಿನಲ್ಲಿ ಬಾಯಿಮಾತಾಗಿ ತಿಳಿಸಿ.

ಫೋಟೋಗೆ ಮೊದಲು ಒಪ್ಪಿಗೆ ಪಡೆಯಿರಿ, ಬರಹದಲ್ಲಿ. ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಒಪ್ಪಿಗೆಯ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು; ಕೊಂಕಣಿ, ಮರಾಠಿ, ಕನ್ನಡ ಮೂರೂ ಅದರಲ್ಲಿವೆ, ಈಗಲೇ ಮಾಡಿಟ್ಟುಕೊಳ್ಳಿ. ಗಾಯದ ಪಕ್ಕ ಕಾಗದದ ಅಳತೆಪಟ್ಟಿ ಇಟ್ಟು ಹತ್ತಿರದಿಂದ ತೆಗೆಯಿರಿ. ಮುಖ, ಹಚ್ಚೆ, ತಾಳಿ, ಗೋಡೆಯ ಮೇಲಿನ ಕುಟುಂಬದ ಚಿತ್ರ ಚೌಕಟ್ಟಿನಲ್ಲಿ ಬರಬಾರದು. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಚಿತ್ರದೊಳಗೇ ಮನೆಯ ಜಾಗ ಅಡಗಿರುತ್ತದೆ. ನರ್ಸಿನ ಫೋನಿನಲ್ಲಿ ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದ್ದರೆ ಗಾಯದ ಚಿತ್ರ ಅವರ ಮಕ್ಕಳ ಹುಟ್ಟುಹಬ್ಬದ ಚಿತ್ರಗಳ ನಡುವೆ ಹೋಗಿ ಕೂರುತ್ತದೆ, ಮನೆಯ ಟೀವಿಯಲ್ಲೂ ತೋರಬಹುದು. ವಾಟ್ಸಾಪ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಮುಚ್ಚಿ. ತಂಡದ ಕೆಲಸಕ್ಕೇ ಒಂದು ಫೋನ್ ಇಟ್ಟು, ಚಿತ್ರವನ್ನು ರೋಗಿಯ ಫೈಲಿಗೆ ಸೇರಿಸಿ, ಅದೇ ಸಂಜೆ ಫೋನಿನಿಂದ ಅಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಾರ್ಡಿನಲ್ಲಿ ‘ಚಿತ್ರ ಫೈಲಿನಲ್ಲಿದೆ’ ಎಂದರೆ ಸಾಕು.

ಪ್ರಶ್ನೆ: ಮುಲುಂಡದ ಹೆರಿಗೆ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುತ್ತೇನೆ. ಎಲ್ಲ ರೋಗಿಗಳಿಗೂ ಒಂದೇ ಬೋರ್ಡ್ ಸಾಕೇ?

ಉತ್ತರ: ಸಾಲದು. ಗರ್ಭಪಾತದ ವಿಷಯದಲ್ಲಿ ಕಾನೂನು ಬಹಳ ಕಟ್ಟುನಿಟ್ಟು. 2003ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ನಿಯಮಾವಳಿಯ ಪ್ರಕಾರ ದಾಖಲಾತಿ ರಿಜಿಸ್ಟರ್ ರಹಸ್ಯ ದಾಖಲೆ. ಕೇಸ್ ಶೀಟು, ಆಪರೇಷನ್ ಥಿಯೇಟರಿನ ಪುಸ್ತಕ, ಮರುಭೇಟಿಯ ಚೀಟಿ, ಬೇರೆ ಯಾವುದೇ ದಾಖಲೆಯಲ್ಲಿ ಹೆಂಗಸಿನ ಹೆಸರು ಬರೆಯಕೂಡದು, ಆ ರಿಜಿಸ್ಟರಿನ ಕ್ರಮಸಂಖ್ಯೆಯನ್ನಷ್ಟೇ ಬರೆಯಬೇಕು. ‘ಯಾವುದೇ ದಾಖಲೆ’ ಎಂದ ಮೇಲೆ ಟಾಸ್ಕ್ ಕಾರ್ಡೂ ಅದರಲ್ಲಿ ಬಂತು. ಎಚ್‌ಐವಿ ಸ್ಥಿತಿಗೆ 2017ರ ಎಚ್‌ಐವಿ ಕಾಯ್ದೆ, ಮಾನಸಿಕ ಚಿಕಿತ್ಸೆಗೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಇದೆ. ಬೋರ್ಡಿಗೆ ‘ಎಂಟಿಪಿ’ ಎಂದು ಹೆಸರಿಟ್ಟರೆ ಸಂಖ್ಯೆ ಹಾಕಿಯೂ ಪ್ರಯೋಜನವಿಲ್ಲ. ‘ಥಿಯೇಟರ್ 2’ ಎಂಬಂಥ ಹೆಸರಿಡಿ, ಥಿಯೇಟರ್ ಸಿಸ್ಟರ್ ಮತ್ತು ಡಾಕ್ಟರರಿಗೆ ಮಾತ್ರ ಪ್ರವೇಶ ಕೊಡಿ. ಕೆಂಪು ಲೇಬಲ್ ಅಂದರೆ ಎಚ್‌ಐವಿ ಎಂಬಂಥ ಬಣ್ಣದ ಗುಟ್ಟುಗಳೂ ಬೇಡ. ಎರಡೇ ದಿನದಲ್ಲಿ ವಾರ್ಡ್ ಬಾಯ್‌ಗೂ ಆಯಾ ಮಾವಶಿಗೂ ಅದರ ಅರ್ಥ ತಿಳಿದಿರುತ್ತದೆ. ರಕ್ತ ಮುಟ್ಟುವಾಗಿನ ಎಚ್ಚರ ಎಲ್ಲ ರೋಗಿಗಳಿಗೂ ಒಂದೇ ಆಗಿರಬೇಕು.

ಪ್ರಶ್ನೆ: ಕಲ್ಯಾಣ್ ಲೋಕಲ್‌ನಲ್ಲಿ ನಮ್ಮ ಸಿಸ್ಟರ್ ಒಬ್ಬರ ಫೋನ್ ಕಳವಾಯಿತು. ಬೋರ್ಡ್ ಅದರಲ್ಲಿ ಲಾಗಿನ್ ಆಗಿಯೇ ಇತ್ತು. ಇಂಥ ಹೊತ್ತಿನಲ್ಲಿ ಯಾವುದು ಮೊದಲು?

ಉತ್ತರ: ಮೊದಲ ಹತ್ತು ನಿಮಿಷದಲ್ಲಿ ಅಡ್ಮಿನ್ ಬೇರೆ ಕಂಪ್ಯೂಟರಿನಿಂದ ಅವರ ಲಾಗಿನ್ ಅನ್ನು ಎಲ್ಲ ಸಾಧನಗಳಿಂದ ಹೊರಹಾಕಬೇಕು, ಪಾಸ್‌ವರ್ಡ್ ಬದಲಿಸಬೇಕು. ಬರೇ ಪಾಸ್‌ವರ್ಡ್ ಬದಲಿಸಿದರೆ ಕೆಲವು ಆಪ್‌ಗಳಲ್ಲಿ ತೆರೆದ ಸೆಶನ್ ಹಾಗೇ ನಡೆಯುತ್ತದೆ. ಎರಡನೆಯದು ಸಿಮ್ ಬಂದ್ ಮಾಡಿಸುವುದು, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಮೂರನೆಯದು ಗೂಗಲ್ ಅಥವಾ ಆಪಲ್ ಖಾತೆಯಿಂದ ಫೋನ್ ಲಾಕ್ ಮಾಡಿ ಒಳಗಿನದನ್ನು ಅಳಿಸಲು ಆಜ್ಞೆ ಕೊಡುವುದು. ಫೋನ್ ಇಂಟರ್ನೆಟ್‌ಗೆ ಬರುವವರೆಗೆ ಆ ಆಜ್ಞೆ ತಲುಪುವುದಿಲ್ಲ, ಆಪ್ ಉಳಿಸಿಟ್ಟ ಕಾರ್ಡುಗಳು ಅದರಲ್ಲೇ ಇರುತ್ತವೆ ಎಂಬುದು ನೆನಪಿರಲಿ. ಆಮೇಲೆ ರೇಲ್ವೆ ಪೊಲೀಸರಲ್ಲಿ ದೂರು ಕೊಡಿ. ಆ ದೂರಿನ ಪ್ರತಿ ಇದ್ದರೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಬಹುದು.

ಅದೇ ದಿನ ಬೋರ್ಡಿನ ಲಾಗ್ ಇಳಿಸಿಟ್ಟುಕೊಳ್ಳಿ, ಕಳವಾದ ಹೊತ್ತಿನ ನಂತರ ಯಾರಾದರೂ ತೆರೆದಿದ್ದಾರೆಯೇ ನೋಡಿ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ಆದೇಶದಂತೆ ಮಾಹಿತಿ ಸೋರಿಕೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಡಿಪಿಡಿಪಿಯ ಹೊಣೆಗಳು ಜಾರಿಗೆ ಬಂದ ಮೇಲೆ ಇನ್ನೆರಡು ಸೇರುತ್ತವೆ: ದತ್ತಾಂಶ ಸಂರಕ್ಷಣಾ ಮಂಡಳಿಗೆ ತಡಮಾಡದೆ ತಿಳಿಸಿ 72 ಗಂಟೆಯೊಳಗೆ ಪೂರ್ತಿ ವಿವರ ಕೊಡುವುದು, ಮಾಹಿತಿ ಸೋರಿದ ಪ್ರತಿಯೊಬ್ಬ ರೋಗಿಗೂ ತಿಳಿಸುವುದು. ಲಾಗ್ ಇಡುವ ಅವಧಿಯೂ ಒಂದು ವರ್ಷವಾಗುತ್ತದೆ.

ಸಿಸ್ಟರ್ ಮೇಲೆ ರೇಗಬೇಡಿ. ಬೈಗುಳಕ್ಕೆ ಹೆದರಿ ಮುಂದಿನ ಸಲ ಇನ್ನೊಬ್ಬರು ಎರಡು ದಿನ ಬಾಯಿ ಬಿಡದೇ ಹೋದರೆ ಆ 6 ಗಂಟೆ ಕಳೆದೇ ಹೋಗಿರುತ್ತದೆ. ಅಡ್ಮಿನ್ ಯಾರು, ಅವರು ಊರಿಗೆ ಹೋಗಿದ್ದರೆ ಬದಲಿ ಯಾರು ಎಂದು ಎರಡು ಫೋನ್ ನಂಬರ್ ಬರೆದು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ.